ಪ್ರಸಾದ ಕೊಡದ ಮ್ಯೂಸಿಯಂ

ನಮ್ಮ ಮನೆಯ ದೇವರ ಗೂಡಿನಲ್ಲಿ ಕಳ್ಳಮಾಲು ವಿರಾಜಮಾನವಾಗಿದೆ ಎಂದು ನನಗೆ ಗೊತ್ತಾದದ್ದು ಒಂದು ಶನಿವಾರ ಬೆಳಿಗ್ಗೆ. ಆ ಮಾಲನ್ನು ನೈರೋಬಿಯಲ್ಲಿ ಗುರುತು ಹಿಡಿಯಬಲ್ಲ ಏಕೈಕ ವ್ಯಕ್ತಿ ಅಂದೇ ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು.

ಎರಡು ವಾರದ ಹಿಂದೆ ಅಮ್ಮನನ್ನು ಕರೆದುಕೊಂಡು ಗ್ರೀಸಿನ ಒಂದು ದ್ವೀಪಕ್ಕೆ ಹೋಗಿಬಂದಿದ್ದೆ. ಅಮ್ಮನಿಗೆ ಸಮುದ್ರ ತೋರಿಸುವುದು ನೆಪ. ಮ್ಯೂಸಿಯಂ ಹುಚ್ಚು ನನ್ನದು. ದ್ವೀಪವನ್ನು ಸೂಚಿಸಿದವರು ನೈರೋಬಿಯ ಮುಥೈಗಾ ಬಡಾವಣೆಯಲ್ಲಿದ್ದ ನನ್ನ ಮೇಲಧಿಕಾರಿಯ ಹೆಂಡತಿ. ಆ ದ್ವೀಪದಲ್ಲೇ ಹುಟ್ಟಿ, ಅಲ್ಲಿನ ಮ್ಯೂಸಿಯಮ್ಮಿನಲ್ಲೇ ಬಹಳ ಕಾಲ ಕೆಲಸ ಮಾಡಿದವರು.

ಹಳೆಯ ಮೀನುಗಾರರ ಮನೆಯೊಂದನ್ನು ಇದ್ದ ಹಾಗೇ ಉಳಿಸಿ ತೋರಿಸುತ್ತಿದ್ದುದು ಅಮ್ಮನಿಗೆ ಒಪ್ಪಿಗೆಯಾಯಿತು. ತಾಮ್ರದ ಹಂಡೆ ನಮ್ಮದರಂತೆಯೇ ಇತ್ತು. ದೊಡ್ಡ ಮ್ಯೂಸಿಯಂ ಮಾತ್ರ ಒಪ್ಪಿಗೆಯಾಗಲಿಲ್ಲ.

"ಮೂಗಿಲ್ಲ, ಕೈಯಿಲ್ಲ. ಭಿನ್ನವಾದ ವಿಗ್ರಹಾನ ನೀರಿಗೆ ಬಿಡ್ತಾರೆ ಕಣೋ. ಇವರು ಲೈಟ್ ಹಾಕಿ ತೋರಿಸ್ತಾರಲ್ಲ!"

ಗುಡ್ಡದ ಮೇಲಿನ ಪಾಳು ದೇಗುಲದಲ್ಲಿ ಉಳಿದದ್ದು ನಾಲ್ಕು ಕಂಬ. ಅಮ್ಮ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹೊರಟರು. ನಾನು ಅಲ್ಲಿದ್ದ ಫಲಕವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ: ಇಲ್ಲಿಂದ ಒಂದು ಹರಳು ಒಯ್ದರೂ ಅಪರಾಧ, ಜೈಲು. ಅಮ್ಮ ಸುತ್ತು ಎಣಿಸುತ್ತಿದ್ದರು.

ಆ ಶನಿವಾರ ದೇವರಿಗೆ ಹೂವಿಡಲು ಹೋದಾಗ, ಸಾಲಿಗ್ರಾಮದ ಪಕ್ಕದಲ್ಲಿ ಅಂಗೈಯಷ್ಟು ಬಿಳಿ ಅಮೃತಶಿಲೆ. ಒಂದು ಅಂಚಿನಲ್ಲಿ ಕೆತ್ತಿದ ಎಲೆ. ಮೇಲೆ ಕುಂಕುಮ.

"ಅಮ್ಮಾ, ಏನಿದು?"

"ಪ್ರಸಾದ."

"ಯಾರು ಕೊಟ್ರು?"

"ಯಾರೂ ಕೊಡಲಿಲ್ಲ, ಅದಕ್ಕೇ ತಗೊಂಡೆ. ದೇವಸ್ಥಾನಕ್ಕೆ ಹೋಗಿ ಬರಿಗೈಲಿ ಬರ್ತಾರೇನೋ?"

ಹಿಂದಿರುಗಿದಾಗ ನೈರೋಬಿಯ ಎಂಬಕಸಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಅಮ್ಮನ ಹಿತ್ತಾಳೆ ಡಬ್ಬಿ ತೋರಿಸಿ ಇದರಲ್ಲೇನು ಎಂದಾಗ ಅಮ್ಮ "ಗಾಡ್" ಎಂದಿದ್ದರು. ಅವನು ತಲೆಬಾಗಿ ಬಿಟ್ಟಿದ್ದ. ನಾನು ಹೆಮ್ಮೆಯಿಂದ ನಕ್ಕಿದ್ದೆ. ಈಗ ಆ ನಗು ನೆನೆದು ಬೆವರಿದೆ. ನನ್ನ ನೌಕರಿಯನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸುವ ಕಾಗದ ಆಗ ಊಟಕ್ಕೆ ಬರಲಿದ್ದ ಆಕೆಯ ಗಂಡನ ಮೇಜಿನ ಮೇಲಿತ್ತು.

"ಮೊದಲು ಅದನ್ನ ಎಲ್ಲಾದ್ರೂ ಬಚ್ಚಿಡಮ್ಮ."

"ಪೂಜೆ ಮಾಡಿದ್ದನ್ನ ಅಕ್ಕಿ ಡಬ್ಬದಲ್ಲಿ ಇಡಕ್ಕಾಗತ್ತಾ? ಮುಟ್ಟಬೇಡ!"

ಗೂಡಿನ ಪರದೆ ಎಳೆದೆ. ರಾಜತಂತ್ರದಲ್ಲಿ ನನ್ನ ಸಾಮರ್ಥ್ಯ ಅಷ್ಟೇ.

ಮೇಲಧಿಕಾರಿಯ ಹೆಂಡತಿ ಒಬ್ಬರೇ ಬಂದರು. ಅಮ್ಮ "ಕರಿಬು ಸಾನಾ!" ಎಂದು ಸ್ವಾಗತಿಸಿದರು. ಸೊಪ್ಪಿನವಳಿಂದ ಕಲಿತ ಸ್ವಾಹಿಲಿ. ಹೊರದೇಶದವರಿಗೆಲ್ಲ ಭಾಷೆ ಅದೊಂದೇ ಎಂದು ಅಮ್ಮನ ತೀರ್ಮಾನ. ಬಿಸಿಬೇಳೆ ಬಾತ್ ತಿನ್ನುತ್ತ ಅತಿಥಿ ಮ್ಯೂಸಿಯಂ ಹೇಗಿತ್ತು ಎಂದರು. ಹಂಡೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ.

ಹೊರಡಲು ಎದ್ದರು. ಗೆದ್ದೆ ಎಂದುಕೊಂಡೆ. ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವ ಮನೆ ನಮ್ಮದಲ್ಲ ಎಂಬುದನ್ನು ಮರೆತಿದ್ದೆ. ಅಮ್ಮ ಅವರ ಕೈ ಹಿಡಿದು ನೇರ ಗೂಡಿನ ಮುಂದೆ ನಿಲ್ಲಿಸಿ ಪರದೆ ಸರಿಸಿದರು.

ಆಕೆ ಕನ್ನಡಕ ಹಾಕಿಕೊಂಡರು. ಬಗ್ಗಿದರು. ಕೈಚಾಚಿ, ಮುಟ್ಟದೆ, ಎಲ್ಲಿಯದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲ ಹೇಳಿದೆ, ಫಲಕ ಓದಿದ್ದನ್ನೂ ಸೇರಿಸಿದೆ. ಪ್ರಾಮಾಣಿಕತೆಯಲ್ಲ, ಗಾಬರಿ.

"ಹಾಗಾದರೆ ನಿಮಗೆ ಓದಲು ಬರುತ್ತದೆ," ಎಂದರು.

ಬರುವ ತಿಂಗಳು ಊರಿಗೆ ಹೋಗುವಾಗ ಮ್ಯೂಸಿಯಮ್ಮಿಗೆ ತಾವೇ ಒಪ್ಪಿಸುವುದಾಗಿ ಹೇಳಿದರು. ಯಾರು ಕೊಟ್ಟದ್ದು ಎಂದು ಕೇಳಿದರೆ ಏನು ಹೇಳುವುದೋ, ಯೋಚಿಸಬೇಕು ಎಂದೂ ಸೇರಿಸಿದರು.

"ಏನಂತೆ?" ಎಂದರು ಅಮ್ಮ.

"ವಾಪಸ್ ಕೊಡಬೇಕಂತೆ."

ಅಮ್ಮ ತಟ್ಟೆ ಕೈಗೆತ್ತಿಕೊಂಡರು. "ಇವರ ಊರಿನ ದೇವರೇನೋ? ಮೊದಲೇ ಹೇಳಬಾರದಾ. ತವರಿಗೆ ಹೋಗೋಳನ್ನ ಹಾಗೇ ಕಳಿಸ್ತಾರಾ?"

ನ್ಗಾರಾ ಮಾರುಕಟ್ಟೆಯಿಂದ ತಂದ ವೀಳ್ಯದೆಲೆ, ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಅದರ ಮೇಲೆ ಕಲ್ಲು, ಕಲ್ಲಿಗೆ ಹೊಸದಾಗಿ ಕುಂಕುಮ. ಮ್ಯೂಸಿಯಮ್ಮಿನ ಮಾಜಿ ಅಧಿಕಾರಿಣಿ ಸೆರಗಿಲ್ಲದ್ದರಿಂದ ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಆಮೇಲಿನ ವಾರಗಳಲ್ಲಿ ಕಚೇರಿಯ ಫೋನು ಹೊಡೆದಾಗಲೆಲ್ಲ ಮೇಲಧಿಕಾರಿಯದೇ ಎಂದುಕೊಂಡು ಎದ್ದು ನಿಲ್ಲುತ್ತಿದ್ದೆ. ಕೊನೆಗೆ ನೌಕರಿಯ ಕಾಗದ ಸಹಿಯಾಗಿ ಬಂತು. ಅದೇ ವಾರ ಆಕೆಯ ಸಂದೇಶವೂ ಬಂತು: ಕಲ್ಲು ತಲುಪಿದೆ, ಹೆಸರು ಹೇಳಿಲ್ಲ. ಪ್ರಾಚೀನ ಕಾಲದಲ್ಲಿ ಕೆತ್ತನೆಗಳಿಗೆ ಬಣ್ಣ ಬಳಿಯುತ್ತಿದ್ದರಂತೆ. ಆದ್ದರಿಂದ ಮ್ಯೂಸಿಯಮ್ಮಿನವರು ಈ ಕೆಂಪೂ ಆ ಕಾಲದ್ದೇ ಇರಬಹುದೆಂದು ತೊಳೆಯದೆ ಪರೀಕ್ಷೆಗೆ ಇಟ್ಟಿದ್ದಾರೆ. ಅದು ಕುಂಕುಮ ಎಂದರೆ ಯಾರ ಮನೆಯದು ಎಂದೂ ಹೇಳಬೇಕಾಗುತ್ತದೆ, ಹಾಗಾಗಿ ಸುಮ್ಮನಿದ್ದೇನೆ.

ಓದಿ ಹೇಳಿದೆ.

"ಒರೆಸಿಲ್ವಲ್ಲ, ಒಳ್ಳೇ ಜನ," ಎಂದರು ಅಮ್ಮ.

ಪ್ರಾಚೀನ ಗ್ರೀಕರು ಕುಂಕುಮ ಹಚ್ಚುತ್ತಿದ್ದರೆಂದು ಯಾವ ವಿದ್ವಾಂಸ ಯಾವತ್ತು ಬರೆದುಬಿಡುತ್ತಾನೋ ಎಂದು ನಾನು ಇಂದಿಗೂ ಹೆದರುತ್ತಿದ್ದೇನೆ.