ಬಂಗಡೆಯ ಮರ್ಯಾದೆ ಪಡೆದ ಶಾಲು

ನಮ್ಮ ಅಂಕೋಲೆಯಲ್ಲಿ ಶಾಲು ಹೊದೆಯುವವರು ಎರಡೇ ಬಗೆ: ಸನ್ಮಾನಿತರು, ಜ್ವರ ಬಂದವರು. ಅಕ್ಕ ಎರಡಕ್ಕೂ ಸೇರಿದವಳಲ್ಲ, ಬದರಿ ಯಾತ್ರೆಗೆ ಹೊರಟವಳು. ಅದಕ್ಕೆಂದೇ ಮಳೆಗಾಲವಿಡೀ ಕೂತು ಬಿಳಿ ಉಣ್ಣೆಯ ಶಾಲು ಹೆಣೆದಿದ್ದಳು. ಹೊರಡುವ ಮುನ್ನ ಗಾಳಿಗಿರಲಿ ಎಂದು ಅಂಗಳದ ಹಗ್ಗಕ್ಕೆ ಹಾಕಿದಾಗ ಅದರ ಮೇಲೆ ಕಳಿತ ಗೇರುಹಣ್ಣೊಂದು ಬಿತ್ತು. ಗೇರಿನ ಕಲೆ ಬಟ್ಟೆ ಹರಿದರೂ ಹೋಗದೆಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ಶಾಸ್ತ್ರ.

"ದೇವರು ಬರಬೇಡ ಅಂದ ಹಾಗಾಯ್ತು. ನಾ ಹೋಗೂದಿಲ್ಲ" ಎಂದಳು ಅಕ್ಕ. ಬೆಟ್ಟದ ರಸ್ತೆಯ ಭಯ ಅವಳಿಗೆ ಮೊದಲೇ ಇತ್ತು. ಈಗ ಅದಕ್ಕೆ ದೇವರ ಸಹಿಯೂ ಬಿದ್ದಿತ್ತು. ಸ್ವತಃ ದೇವರ ವಿರುದ್ಧ ಮೇಲ್ಮನವಿ ಸಲ್ಲಿಸುವ ಗಾಂಭೀರ್ಯದಿಂದ, ಶಾಲಿಗೆ ಬಣ್ಣ ಹಾಕಿ ಕಲೆ ಮುಚ್ಚುವುದಾಗಿ ನಾನು ಘೋಷಿಸಿದೆ.

ಬಡಗಿಯಿಂದ ಹಲಸಿನ ಮರದ ಹೊಟ್ಟು ತಂದು, ಕುದಿಸಿ, ಸೋಸಿ, ಬಣ್ಣ ಕಚ್ಚಲೆಂದು ಪಟಿಕ ಕರಗಿಸಿದೆ. ಹಳದಿ ನೀರು ಉಗುರುಬೆಚ್ಚಗಾದ ಮೇಲೆ, ಅಷ್ಟೇ ಬೆಚ್ಚಗಿನ ನೀರಲ್ಲಿ ನೆನೆಸಿದ್ದ ಶಾಲನ್ನು ಅದರಲ್ಲಿಳಿಸಿ, ಸಣ್ಣ ಉರಿಯಿಟ್ಟೆ. ಉಣ್ಣೆಗೆ ಮೂಗಿನ ತುದಿಯಲ್ಲೇ ಕೋಪ. ಥಟ್ಟನೆ ಬಿಸಿಯಾದರೆ, ಥಟ್ಟನೆ ತಣ್ಣಗಾದರೆ, ತಿಕ್ಕಿದರೆ, ಮುದುಡಿ ಕಂಬಳಿಯ ತುಂಡಾಗುತ್ತದೆ. ಕಲಕದಿದ್ದರೋ, ಬಣ್ಣ ಅಲ್ಲಲ್ಲಿ ಹಿಡಿದು ಒಂದು ಕಲೆಯ ಜಾಗದಲ್ಲಿ ಹತ್ತಾಗುತ್ತವೆ. ಸೌಟು ಹಿಡಿದು, ಧರ್ಮಸಂಕಟದಲ್ಲಿ ನಿಂತೆ. ಕೊನೆಗೆ ಸೌಟನ್ನು ಪಾತ್ರೆಗಿಳಿಸಿದೆ.

ಅಷ್ಟರವರೆಗೆ ಬೆನ್ನು ತಿರುಗಿಸಿ ಕೂತಿದ್ದ ಅಕ್ಕ ಎದ್ದು ಬಂದಳು.

"ತಮಾ, ಸೌಟು ಕೆಳಗಿಡು. ಬಂಗಡೆ ಸಾರಿಗೆ ಯಾರಾದ್ರೂ ಸೌಟು ಹಾಕ್ತಾರಾ?"

ನಿಜ, ಹಾಕುವುದಿಲ್ಲ. ಮೀನು ಬಿದ್ದ ಮೇಲೆ ಪಾತ್ರೆಯನ್ನೇ ಅಲುಗಿಸಬೇಕು, ಇಲ್ಲವಾದರೆ ಮುಳ್ಳಷ್ಟೇ ಉಳಿಯುತ್ತದೆ. ಅಕ್ಕ ಪಾತ್ರೆಯ ಅಂಚನ್ನು ಬಟ್ಟೆಯಿಂದ ಹಿಡಿದು ಮೆಲ್ಲನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದಳು. ಕುದಿ ಬರುವ ಮೊದಲೇ ಕಟ್ಟಿಗೆ ಹಿಂದಕ್ಕೆಳೆದಳು. ಅನಂತರ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾನು ಸಲಹಾ ಸಮಿತಿಯಾಗಿ ಬಾಗಿಲಲ್ಲಿ ನಿಂತೆ.

ಪಾತ್ರೆ ತಾನಾಗಿ ತಣಿದ ಮೇಲೆ ಶಾಲನ್ನು ಜಾಲಿಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿದಳು. ಮಾರನೆಯ ದಿನ ನೋಡಿದರೆ ಮಾಗಿದ ಹಲಸಿನ ತೊಳೆಯ ಬಣ್ಣ. ಉದ್ದ ಅಷ್ಟೇ, ಮೃದುವೂ ಅಷ್ಟೇ. ಕಲೆ ಹುಡುಕಿದವರಿಗಷ್ಟೇ ಸಿಗುವಂತಿತ್ತು.

ಅಕ್ಕ ಉರಿಬಿಸಿಲಿನ ಮಧ್ಯಾಹ್ನ ಅದನ್ನು ಹೊದ್ದು, ಬೆವರುತ್ತ ಜಗಲಿಯಲ್ಲಿ ಕೂತಳು.

"ತಮಾ, ಆ ಯಾತ್ರೆಯವ್ರಿಗೆ ಫೋನ್ ಮಾಡು" ಎಂದಳು ಕೊನೆಗೆ. "ನಂಗೆ ಕಿಟಕಿ ಬದಿ ಸೀಟೇ ಬೇಕು ಅಂತ ಹೇಳು."