ಗೊತ್ತಿದ್ದವರು ಸುಮ್ಮನಾಗುವ ಜಾಗ

ಭಾನುವಾರ ಬೆಳಿಗ್ಗೆ ನನ್ನವಳು ಕಾವಲಿಯ ಮೇಲೆ ಒಣ ಚಟ್ಲಿ ಹುರಿಯುತ್ತಿದ್ದಳು. ಚಟ್ಲಿ ಎಂದರೆ ನಮ್ಮ ಕಡೆ ಸಿಗಡಿ. ವಾಸನೆ ಜಗಲಿಗೆ ಬಂದದ್ದೇ ನನಗೆ ಕೆಮ್ಮು ಹತ್ತಿತು. ಮೂರು ತಿಂಗಳಿಂದ ದನಿ ಹೀಗೆ ಬಿರುಕು ಬಿಟ್ಟಿದೆ. ಎದುರಿನ ಮೇಜಿನ ಮೇಲೆ, ಪೇಪರಿನ ಅಡಿಯಲ್ಲಿ, ನಿನ್ನೆ ಆಸ್ಪತ್ರೆಯಿಂದ ತಂದ ಲಕೋಟೆ ಇತ್ತು. ಗಂಟಲಲ್ಲಿ ಗಡ್ಡೆ ಇದೆ, ಚೂರು ತೆಗೆದು ಕ್ಯಾನ್ಸರ್ ಹೌದೋ ಅಲ್ಲವೋ ನೋಡಬೇಕು, ಸೋಮವಾರ ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದರು ಡಾಕ್ಟರು.

ನಿನ್ನೆ ಚಪ್ಪಲಿ ಬಿಡುವುದರೊಳಗೆ ಅವಳು ಕೇಳಿದ್ದಳು, "ಡಾಕ್ಟ್ರ್ ಎಂತ ಹೇಳ್ರ್?"

"ಆ ಹಳೇ ಸೀರಿಯಲ್ಲಿನ ವಕೀಲ್ರಿಗೆ ಕಡೇ ವಾರ ಆಯ್ತಲೆ, ಹಾಂಗೆ" ಎಂದೆ.

ಅವಳು ನಕ್ಕು ಒಳಗೆ ಹೋದಳು. ಆ ಧಾರಾವಾಹಿ ನಿಂತು ಎಷ್ಟೋ ವರ್ಷಗಳಾದವು. ಕಡೇ ವಾರದಲ್ಲಿ ವಕೀಲರು ಸತ್ತರೆಂಬುದು ಈಗ ಯಾರಿಗೆ ನೆನಪಿರುತ್ತದೆ ಎಂಬ ಧೈರ್ಯ ನನ್ನದು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಇದು ನನ್ನ ಹಳೆಯ ಚಾಳಿ ಎಂದು ಒಪ್ಪಿಕೊಳ್ಳುತ್ತೇನೆ. ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಕಥೆಯಲ್ಲಿ ಬರುವ ತಿರುವುಗಳನ್ನು ವಿವರಿಸುವಾಗ ಹಳೆಯ ಧಾರಾವಾಹಿಯೊಂದನ್ನು ಎಳೆದು ತಂದು "ಇದು ಆ ಟೊಪ್ಪಿ ಪತ್ತೇದಾರನ ತಿರುವು" ಎಂದುಬಿಡುತ್ತೇನೆ. ಒಮ್ಮೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಆ ಪತ್ತೇದಾರ ನಾವ್ ಹುಟ್ಟುಕೆ ಮುಂಚಿನವ್ನಾ? ತಿರುವು ಎಂತದ್ದಂದ್ ಹೇಳಿನಿ" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ತಿರುವು ಏನೆಂದು ಹೇಳಲು ಸ್ವಲ್ಪ ತಡವರಿಸಿದೆ.

ಚಟ್ಲಿಯ ವಾಸನೆಗೆ ನನಗೆ ನೆನಪಾದದ್ದು ನಾನು ಬೆಳೆದ ಬೀಜಾಡಿಯ ನಮ್ಮ ದೊಡ್ಡಮ್ಮ. ಮಧ್ಯಾಹ್ನ ಅಂಗಳದಲ್ಲಿ ಮೀನು ಒಣಗಲು ಹಾಕಿ, ಕಾಗೆ ಓಡಿಸುವ ಕೋಲು ಹಿಡಿದು ಕೂತು ಅವರು ನಮಗೆ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿ, ಬರಲಿರುವುದಕ್ಕೆ ಹೆಸರಿಡುತ್ತಿದ್ದರು. "ಇದ್ ತಿರ್ಗಿ ಕಾಂಬ ಜಾಗ" ಎಂದರೆ ಹೊರಟವನು ಹಿಂದೆ ನೋಡುತ್ತಾನೆ, ಕೆಡುತ್ತಾನೆ. ಎಲ್ಲಕ್ಕಿಂತ ನಮಗೆ ಭಯವಾಗುತ್ತಿದ್ದದ್ದು "ಗೊತ್ತಿದ್ದವ್ರ್ ಸುಮ್ನಾಪ ಜಾಗ". ಬಾವಿಯಲ್ಲಿ ಹಾವಿದೆಯೆಂದು ಮುದುಕಿಗೆ ಗೊತ್ತು, ಮುದುಕಿ ಸುಮ್ಮನಿದ್ದಾಳೆ, ಸೊಸೆ ಕೊಡ ಹಿಡಿದು ಹೋಗುತ್ತಿದ್ದಾಳೆ. ನಾವು ಮಕ್ಕಳೆಲ್ಲ "ಹೇಳಾ ಮುದ್ಕಿ, ಹೇಳಾ!" ಎಂದು ಕೂಗುತ್ತಿದ್ದೆವು. ಕಾಗೆಗಳು ಹಾರಿಹೋಗುತ್ತಿದ್ದವು.

ಅಮ್ಮನ ತಮ್ಮ ಗೋವಿಂದ ಮಾವನ ದಾರಿ ಬೇರೆ. ಹನ್ನೆರಡು ವರ್ಷ ಬೊಂಬಾಯಿಯ ಕ್ಯಾಂಟೀನಿನಲ್ಲಿ ದುಡಿದು ಬಂದು ಅಪ್ಪಯ್ಯನ ದೋಣಿಗೆ ಸೇರಿದ್ದರು. ಅಲ್ಲಿ ನೋಡಿದ ಸಿನಿಮಾಗಳಿಂದಲೇ ಅವರ ಮಾತೆಲ್ಲ. ಯಾರಾದರೂ ಜಗಳವಾಡಿದರೆ "ಹ್ವಾಯ್, ಇದ್ ಪರೇಲಿನ ಹೆಂಡ್ತಿ ಕಥಿ" ಎನ್ನುವರು. ನಮ್ಮ ಕರಾವಳಿಯಲ್ಲಿ ಆ ಸಿನಿಮಾ ಕಂಡವರೇ ಇಲ್ಲ. ನಾವು ಅರ್ಥವಾಗದೆಯೇ ನಗುತ್ತಿದ್ದೆವು.

ಒಂದು ಮಳೆಗಾಲದ ಬೆಳಿಗ್ಗೆ ಜ್ವರವೆಂದು ಮಾವ ದೋಣಿ ಹತ್ತಲಿಲ್ಲ. ಕಂಬಳಿ ಹೊದ್ದು ದಡಕ್ಕೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಕಡಲಿನ ಅಂಚನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಪ್ಪಯ್ಯನಿಗೆ, "ಭಾವಾ, ಇವತ್ತ್ ಪೋಸ್ಟ್‌ಮ್ಯಾನಿನ ಸೈಕಲ್ ಕಾಂತ್" ಎಂದರು. ಅಪ್ಪಯ್ಯ ನಕ್ಕರು. ಜೊತೆಯ ಮೂವರೂ ನಕ್ಕರು. ದಡದಲ್ಲಿ ನಿಂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ದೋಣಿ ಅಲೆ ದಾಟಿತು.

ಮಧ್ಯಾಹ್ನದೊಳಗೆ ಗಾಳಿ ಎದ್ದಿತು. ಮರಳು ಹಾರಿ ಕಣ್ಣಿಗೆ ಹೊಡೆಯುತ್ತಿತ್ತು. ಬೇರೆ ದೋಣಿಗಳು ಒಂದೊಂದಾಗಿ ಬಂದವು, ನಮ್ಮದು ಬರಲಿಲ್ಲ. ಅಮ್ಮ ದಡ ಬಿಟ್ಟು ಕದಲಲಿಲ್ಲ. ನನ್ನೊಳಗೆ ಎದ್ದ ಹೆದರಿಕೆ ಎಂಥದೆಂದು ಇವತ್ತಿಗೂ ಗೊತ್ತು. ನಿನ್ನೆ ಡಾಕ್ಟರ ಎದುರು ಕೂತಾಗ ಎದ್ದದ್ದು ಅದೇ.

ದೊಡ್ಡಮ್ಮ ಮಾವನ ಎದುರು ಹೋಗಿ ನಿಂತರು. "ಗೋವಿಂದ, ಪೋಸ್ಟ್‌ಮ್ಯಾನಿನ ಸೈಕಲ್ ಅಂದ್ರೆ ಎಂತ? ಬಿಡ್ಸಿ ಹೇಳ್."

ಮಾವ ನೆಲ ನೋಡುತ್ತ, "ಆ ಸಿನಿಮಾದಂಗೆ ಸೈಕಲ್ ಯಾವ ಮನಿ ಬಾಗ್ಲಿಗ್ ಕಂಡ್ರೂ ಆ ಮನಿಯೊಳ್ಗೆ ಒಂದ್ ಸಾವ್, ಅಕ್ಕ" ಎಂದರು. "ಕಡ್ಲ್ ಕಪ್ಪಾದ್ದ್ ಬೆಳಿಗ್ಗೆಯೇ ಕಂಡಿದೆ. ದೋಣಿ ಇಳ್ಸುವತಿಗೆ ಹೋಪ್ದ್ ಬ್ಯಾಡ ಅಂಬುಕಾತ್ತಾ? ಅದಕ್ಕೇ ಹಾಂಗ್ ಹೇಳಿದೆ."

ದೋಣಿ ಇಳಿಸುವ ಹೊತ್ತಿಗೆ ಬೇಡ ಎನ್ನಬಾರದು, ಗಾಳಿಯ ಹೆಸರೆತ್ತಬಾರದು ಎಂಬುದು ನಮ್ಮವರ ಕಟ್ಟುಪಾಡು. ಮಾವನ ಸಿನಿಮಾ ಬರೀ ಬಡಾಯಿಯಲ್ಲ, ಅದರ ಹಿಂದೆ ಅವರು ಅವಿತುಕೊಂಡಿದ್ದರು ಎಂದು ನನಗೆ ತಿಳಿದದ್ದು ಆಗ.

"ನೀನ್ ಹೇಳ್ಲಿಲ್ಲೆ" ಎಂದರು ದೊಡ್ಡಮ್ಮ. "ಹೆದ್ರ್ಕಂಡ್ ಸುಮ್ನಾದೆ."

ಸಂಜೆ ಬಸ್ಸಿನ ಕಂಡಕ್ಟರೊಬ್ಬರು ಸುದ್ದಿ ತಂದರು. ದೋಣಿ ದೂರದ ಕಿರಿಮಂಜೇಶ್ವರದ ದಡಕ್ಕೆ ಬಡಿದು ಒಡೆದಿತ್ತು. ನಾಲ್ವರೂ ಬದುಕಿದ್ದರು, ಅಪ್ಪಯ್ಯನ ಬಲಭುಜ ಮುರಿದಿತ್ತು. ಆ ಕೈಯಲ್ಲಿ ಅವರು ಮತ್ತೆ ಬಲೆ ಎಳೆಯಲಿಲ್ಲ. ಮಾವನೂ ಮತ್ತೆ ಸಿನಿಮಾದ ಮಾತೆತ್ತಲಿಲ್ಲ. ದೊಡ್ಡಮ್ಮ ಮಾತ್ರ ಮುಂದಿನ ಮಳೆಗಾಲದಿಂದ ದಡದಲ್ಲಿ ನಿಂತು, "ಇವತ್ತ್ ಗಾಳಿ ಇತ್ತ್. ಹೋಪ್ದ್ ಬ್ಯಾಡ" ಎಂದು ಬಿಡಿಸಿಯೇ ಹೇಳತೊಡಗಿದರು. ಅಪಶಕುನದ ಮುದುಕಿ ಎಂದು ಬೈದವರಿದ್ದಾರೆ. ಬೈಯುತ್ತಲೇ ಕಡಲನ್ನು ಇನ್ನೊಮ್ಮೆ ನೋಡುತ್ತಿದ್ದರು.

ಜಗಲಿಯಲ್ಲಿ ಕೂತು ಇಷ್ಟೆಲ್ಲ ನೆನೆಯುವಾಗ ನನಗೆ ನಾಚಿಕೆಯಾಯಿತು. ಅಂದು ಕಥೆಯ ಮುದುಕಿಗೆ "ಹೇಳಾ" ಎಂದು ಕೂಗಿದವನು ನಾನೇ. ಲಕೋಟೆ ಹಿಡಿದು ಅಡುಗೆಮನೆಗೆ ಹೋದೆ. ಅದನ್ನು ಒಲೆಯ ಪಕ್ಕದಲ್ಲಿಟ್ಟೆ.

"ನನ್ ಗಂಟ್ಲಂಗೆ ಗಡ್ಡಿ ಇತ್ತಂಬ್ರ್" ಎಂದೆ. "ಕ್ಯಾನ್ಸರಾ ಅಂದ್ ನಾಳೆ ಪರೀಕ್ಷೆ ಮಾಡ್ತ್ರ್. ನಂಗೆ ಹೆದ್ರಿಕಿ ಆತ್ತ್."

ಅವಳು ಒಲೆ ಆರಿಸಿದಳು. ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಕೈ ಒಣಗಿದ ಮೇಲೂ.

"ವಕೀಲ್ರ್ ಕಡಿಗ್ ಎಂತಾದ್ರ್ ಅಂದ್ ನಂಗೊತ್ತಿಲ್ಯಾ?" ಎಂದಳು. "ಆ ಸೀರಿಯಲ್ ದಿನಾ ನಿಮ್ ಒಟ್ಟಿಗೇ ಕೂಕಂಡ್ ಕಂಡವಳ್ ನಾನ್ ಅಲ್ದಾ? ನಿನ್ನೆ ನೀವ್ ಹೇಳುವತಿಗೇ ಗೊತ್ತಾಯ್ತ್. ಬಿಡ್ಸಿ ಕೇಂಬುಕೆ ಹೆದ್ರಿಕಿ ಆಯಿ ನೆಗಾಡಿ ಒಳ್ಗ್ ಹೋದೆ."