ಉರಿಯದ ಕೈ

ಎರಡು ವರ್ಷದ ಹಿಂದಿನ ಮಾತು. ರಂಜಾನ್ ಉಪವಾಸಕ್ಕೆ ಇನ್ನೊಂದು ವಾರವಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ ಜೋರು. ನಾನು ಮೋಟೆಬೆನ್ನೂರಿನಿಂದ ದಿನಾ ಅಲ್ಲಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಸಂಜೆಯಾದರೆ ಜೊತೆಯ ಹೆಂಗಸರೆಲ್ಲ ಉರಿ ತಾಳಲಾರದೆ ಕೈಗೆ ಮಜ್ಜಿಗೆ ಹಚ್ಚಿಕೊಂಡು ಊದಿಕೊಳ್ಳುತ್ತ ಕೂರುತ್ತಿದ್ದರು. ಆ ವರ್ಷ ನನ್ನ ಬಲಗೈ ಮಾತ್ರ ಉರಿಯುತ್ತಲೇ ಇರಲಿಲ್ಲ.

"ಶಮೀಮಾ, ನಿಂದು ಕೈಯೋ ಕಬ್ಬಿಣೋ?" ಎಂದು ಅವರು ಕೇಳಿದರೆ ನಾನು ಉಬ್ಬಿಹೋಗುತ್ತಿದ್ದೆ.

ಒಂದು ದಿನ ಅತ್ತೆಯ ಬಿಪಿ ತೋರಿಸಲು ಬ್ಯಾಡಗಿಯ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿಯ ನರ್ಸ್ ಗಿರಿಜಕ್ಕ ಬಿಪಿ ಪಟ್ಟಿ ಕಟ್ಟುವಾಗ ನಾನು ಅತ್ತೆಯ ಕುಪ್ಪಸದ ತೋಳು ಮೇಲಕ್ಕೆ ಮಡಚುತ್ತಿದ್ದೆ. ಡಾಕ್ಟರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು.

"ಅದೇನ್ರಿ ಬೊಬ್ಬಿ? ಯಾವಾಗ ಸುಟ್ಕೊಂಡ್ರಿ?"

ನಾನೂ ಆಗಲೇ ನೋಡಿದ್ದು. "ಗೊತ್ತಿಲ್ರಿ ಸರ್. ರೊಟ್ಟಿ ಹಂಚು ತಾಗಿರಬೇಕು. ನೋವೇನೂ ಇಲ್ಲ. ಈ ಕೈಗೆ ಮೆಣಸಿನಕಾಯಿನೂ ಉರಿಯಂಗಿಲ್ರಿ," ಎಂದು ಅಲ್ಲೂ ಜಂಬ ಕೊಚ್ಚಿದೆ.

ಡಾಕ್ಟರು ನಗಲಿಲ್ಲ. ಗಿರಿಜಕ್ಕನಿಗೆ ಬಾಗಿಲು ಹಾಕಲು ಹೇಳಿ, ನನ್ನ ಮೊಣಕೈ, ಮಣಿಕಟ್ಟು ಒತ್ತಿ ನೋಡಿದರು. ನಾನು ಚಿಬ್ಬು ಎಂದುಕೊಂಡಿದ್ದ ತೋಳಿನ ಬಿಳಿ ಮಚ್ಚೆಯನ್ನೂ ನೋಡಿದರು.

"ಕಣ್ಣು ಮುಚ್ರಿ. ಮುಟ್ಟಿದ್ದು ಗೊತ್ತಾದ ಕೂಡ್ಲೇ ಹ್ಞೂಂ ಅನ್ರಿ."

ಕಾದೆ. ಅವರು ಇನ್ನೂ ಮುಟ್ಟಿಯೇ ಇಲ್ಲ ಎಂದುಕೊಂಡು, "ಚಾಲೂ ಮಾಡ್ರಿ ಸರ್" ಎಂದೆ. ಕಣ್ಣು ಬಿಟ್ಟರೆ ನನ್ನ ಬೆರಳು, ಅಂಗೈ ತುಂಬ ಪೆನ್ನಿನ ನೀಲಿ ಚುಕ್ಕೆಗಳು! ಅಷ್ಟೂ ಕಡೆ ಚುಚ್ಚಿದ್ದರು, ನನಗೆ ಒಂದೂ ಗೊತ್ತಾಗಿರಲಿಲ್ಲ.

"ಇದು ಕುಷ್ಠರೋಗ ಅನಸ್ತೈತ್ರಿ. ಸರ್ಕಾರಿ ದವಾಖಾನ್ಯಾಗ ಖಾತ್ರಿ ಮಾಡ್ಕೊಳ್ಳೋಣು. ಹೆದರಬ್ಯಾಡ್ರಿ, ಮಾತ್ರೆಗೆ ಗುಣ ಆಗ್ತೈತಿ. ಆದ್ರ ತಡ ಮಾಡಿದ್ರ ಕೈ ಹೋಗ್ತೈತಿ."

ಆ ಒಂದು ಶಬ್ದದ ಮುಂದೆ ಉಳಿದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಇನ್ನು ಮನೆಯಲ್ಲಿ ನನಗೆ ಜಾಗ ಎಲ್ಲಿ, ಮಕ್ಕಳನ್ನು ಮುಟ್ಟುವುದು ಹೇಗೆ ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಗಿರಿಜಕ್ಕ ಸೆರಗು ಸರಿಸಿ ಅದೇ ಕೈ ಹಿಡಿದುಕೊಂಡು ಬೊಬ್ಬೆಗೆ ಮುಲಾಮು ಹಚ್ಚಿದಳು. "ಮಾತ್ರೆ ಚಾಲೂ ಆದ್ರ ಈ ರೋಗ ಯಾರಿಗೂ ಹತ್ತಂಗಿಲ್ಲ ತಂಗಿ" ಎಂದು ತನ್ನ ಚಹಾ ನನಗೆ ಕುಡಿಸಿದಳು.

ಅತ್ತೆ ಡಾಕ್ಟರನ್ನೇ ಕೇಳಿದರು: "ಈಕಿ ರೊಟ್ಟಿ ಬಡೀಬಹುದೇನ್ರಿ?"

"ಧಾರಾಳ ಬಡೀಬಹುದು. ಕೈ ಸುಡದಂಗ ನೋಡ್ಕೋಬೇಕಷ್ಟ."

"ಹಂಗಾರ ಬೊಬ್ಬಿ ಮಾಯೋತನಕ ನಾ ಬಡೀತೇನಿ. ಏಳವಾ, ಬಸ್ ಹೋಗ್ತೈತಿ."

ಆಗ ನನಗೆ ಅಳು ಬಂತು.

ಸರ್ಕಾರಿ ದವಾಖಾನೆಯಲ್ಲೂ ಅದೇ ಖಾತ್ರಿಯಾಯಿತು. ವರ್ಷ ಪೂರ್ತಿ ಮಾತ್ರೆ ನುಂಗಿದೆ. ಆ ಮಾತ್ರೆಗೆ ಮುಖ ಕಪ್ಪಾಯಿತು, ಬೇಸರವೂ ಬಂತು. ಬಿಡೋಣ ಎನ್ನಿಸಿದಾಗೆಲ್ಲ ಗಿರಿಜಕ್ಕನ ಫೋನ್ ಬರುತ್ತಿತ್ತು: "ಮಾತ್ರೆ ತಗೊಂಡೀ ಇಲ್ಲೋ?"

ಮರುವರ್ಷದ ಸೀಜನ್‌ನಲ್ಲಿ ಒಂದು ಸಂಜೆ ಹೆಬ್ಬೆರಳು ಚುರ್ ಎಂದಿತು. ಆಮೇಲೆ ತೋರುಬೆರಳು. ಮಜ್ಜಿಗೆ ತಂದವರಿಗೆ ಬೇಡವೆಂದು ಅಲ್ಲಿಂದಲೇ ಫೋನ್ ಹಚ್ಚಿದೆ. "ಅಕ್ಕಾ, ಉರಿಯಾಕತ್ತೈತಿ!"

ಆ ಕಡೆ ಗಿರಿಜಕ್ಕ ಕೂಗಿದ್ದು ನನಗೂ ಕೇಳಿಸಿತು: "ಸರ್, ಶಮೀಮಾಂದು ಕೈ ಉರಿಯಾಕತ್ತೈತಂತ!"

ಕಿರುಬೆರಳು ಇನ್ನೂ ಹಾಗೇ ಇದೆ. ಉಳಿದವು ಉರಿಯುತ್ತವೆ. ಈಗ ನಾನೂ ಎಲ್ಲರ ಜೊತೆ ಊದಿಕೊಳ್ಳುತ್ತ ಕೂರುತ್ತೇನೆ, ಆದರೆ ಮಜ್ಜಿಗೆಯನ್ನು ಎಲ್ಲರಿಗಿಂತ ಕೊನೆಗೆ ಹಚ್ಚಿಕೊಳ್ಳುತ್ತೇನೆ.